ಹತ್ತೂವರಿ ಆಣೆ ದಪ್ಪ

ಬೆಳಗಾವಿ ಕ್ಯಾಂಪಿನ ಮೆಸ್ಸಿನಿಂದ ಭರಮೂ ಕಾಕಾ
ಒಂದು ಖಾಲಿ ಪೆಟ್ಟಿಗಿ ತಂದಿದ್ದ ನಿಪ್ಪಾಣಿಗೆ,
ಬಸ್ಸಿನ್ಯಾಗ ತೊಡಿಮ್ಯಾಲ ಕೂಸಿನ ಹಂಗ ಇಟಗೊಂಡು.
ತೆಳು ಕಟ್ಟಿಗಿ, ಹಿತ್ತಾಳಿ ಚಿಲಕ, ಒಳಗ
ಯಾರೋ ಸೇದಿ ಮುಗಿಸಿದ್ದರ ಬರೇ ವಾಸನಿ.

ಮುಚ್ಚಳದ ಒಳಮೈಗೆ ಚಿತ್ರ ಅಂಟಿಸಿತ್ತು.
ಸಿಗಾರುಗಳ ಸಾಲು, ಅಸಲಿ ಗಾತ್ರದಾಗ,
ಕೆಳಗ ಒಂದು ಹೆಸರು, ಎರಡು ಅಂಕಿ.
ದೀಪಾವಳಿ ಸೂಟಿ. ಓದಿ ಹೇಳೋ ಪಾಳಿ ನಂದು.

ಸುಂದ್ರಾ ಅತ್ತಿ ಕತ್ತರಿ ಕೆಳಗಿಡಲಿಲ್ಲ.
ತೊಡಿಮ್ಯಾಲ ಸೂಪ, ಸೂಪದಾಗ ಜರ್ದಾ,
ರಾತ್ರಿಯೆಲ್ಲಾ ಹಸಿ ಗೋಣಿಯೊಳಗ ಮೆತ್ತಗಾದ ಎಲಿ,
ಎಲಿಮ್ಯಾಲ ತಗಡಿನ ಫರ್ಮಾ, ಫರ್ಮಾದ ಸುತ್ತ ಕತ್ತರಿ.
"ಹೇಳು," ಅಂದಳು, "ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವ."

"ಕೊರೋನಾ. ಉದ್ದ ಐದೂವರಿ ಇಂಚು, ದಪ್ಪ ನಲವತ್ತೆರಡು."
"ಏನು ನಲವತ್ತೆರಡು? ತೊಲಿಯೋ, ಗುಂಜಿಯೋ?"
ಕಾಕಾ ಅಂದ: ಇಂಚಿಗೆ ಅರವತ್ತನಾಲ್ಕು ಪಾಲು ಮಾಡಿ
ಅದರಾಗ ನಲವತ್ತೆರಡು. ಸಾಹೇಬರ ಲೆಕ್ಕ, ನಮಗ ತಿಳಿಯೂದಲ್ಲ.

ಅತ್ತಿ ಕೈ ಆಗ ನಿಂತಿತು.
"ಅರವತ್ತನಾಲ್ಕು ಅಂದ್ರ ರೂಪಾಯಿ ಅಲ್ಲೇನೋ ಹುಚ್ಚಪ್ಪ!
ಹಳೇ ರೂಪಾಯಿ. ಅರವತ್ತನಾಲ್ಕು ಪೈಸಾ, ಹದಿನಾರು ಆಣೆ.
ನಲವತ್ತೆರಡು ಅಂದ್ರ ಹತ್ತೂವರಿ ಆಣೆ ದಪ್ಪ. ಮುಂದ ಓದು."

ಲೋನ್ಸ್‌ಡೇಲ್: ಅದೇ ಹತ್ತೂವರಿ, ಬರೇ ಉದ್ದ,
ಒಂದ ಮಳಿಗಾಲದಾಗ ಚಡ್ಡಿ ಗಿಡ್ಡಾದ ಹುಡುಗನ ಹಂಗ.
ಪನೆತೆಲಾ: ಒಂಬತ್ತೂವರಿ, ನುಗ್ಗಿಕಾಯಿ.
ರೊಬಸ್ಟೋ: ಹನ್ನೆರಡೂವರಿ. ಗಿಡ್ಡ. ಗರಡಿಮನಿ ಮಣ್ಣು
ಇನ್ನೂ ಮೈಗೆ ಹತ್ತೇತಿ.
ಪರ್ಫೆಕ್ಟೋ ಎರಡೂ ಕಡೆ ಸಣ್ಣ, ನಡುವ ಹೊಟ್ಟಿ.
"ಏಳು ತುಂಬ್ಯಾವ, ಕುಬಸಾ ಮಾಡ್ರಿ," ಅಂದು ನಕ್ಕಳು.
ಪಿರಾಮಿಡ್ ಒಂದ ಕಡೆ ಅಗಲ, ಒಂದ ಕಡೆ ಚೂಪು.
ಅದನ್ನ ಮಾತ್ರ ನಗದ ನೋಡಿದಳು:
"ಇದು ನಮ್ಮ ಬೀಡಿನ. ಉಂಡು ಬೆಳದ ಬೀಡಿ."

"ನಮ್ಮದು ಎಷ್ಟಾಣೆ, ಅತ್ತಿ?"
"ಬೆಂಕಿ ಕಡೆ ನಾಕು, ಬಾಯಿ ಕಡೆ ಎರಡು.
ಮುಕಾದಮನ ಕಣ್ಣಿಗೆ ಯಾವಾಗಲೂ ಒಂದು ಕಮ್ಮಿ."

ಕೊನೀ ಚಿತ್ರ ನನಗೂ ತಿಳೀಲಿಲ್ಲ.
ಮೂರು ಸಿಗಾರು ಒಂದಕ್ಕೊಂದು ಹೆಣಕೊಂಡು,
ಸಾಲಿಗೆ ಹೊಂಟ ಹುಡುಗಿ ಹೆರಳು. ಕುಲೇಬ್ರಾ.
ಕಾಕಾ ಅಂದ, ಮೇಜರ್ ಒಬ್ಬ ಹೇಳತಿದ್ದ,
ಖರೇನೋ ಸುಳ್ಳೋ: ಸುತ್ತೋ ಆಳಿಗೆ ದಿನಾ ಮೂರು ಪುಕ್ಕಟೆ.
ಡೊಂಕಿದ್ದರ ಅವನವು.
ನೆಟ್ಟಗಿದ್ದದ್ದು ಸೇದಿದರ, ಕದ್ದದ್ದು.

ಅತ್ತಿ ದಾರ ಹಲ್ಲಿನಿಂದ ಕಡಿದಳು.
ಮನೀಗೆ ಎಲಿ ತರೋಕಿಂತ ಮೊದಲು, ಕಾರಖಾನಿ ಗೇಟಿನ್ಯಾಗ
ಸಂಜಿ ಸಾಲು ನಿಂತು ಸೆರಗು ಝಾಡಿಸಿ ತೋರಿಸಿದ್ದು,
ಉಡಿಯೊಳಗಿನ ರೊಟ್ಟಿ ತುಣುಕು ಬಿಚ್ಚಿ ತೋರಿಸಿದ್ದು,
ಇಪ್ಪತ್ತೈದರಾಗ ಎರಡು "ಛಾಟ್" ಅಂತ ತಗದು
ಮುರೀದ, ಹಂಗ ತನ್ನ ಬುಟ್ಟಿಗೆ ಒಗದ ಕೈ,
ಇವು ಯಾವನ್ನೂ ಆಕಿ ಹೇಳಲಿಲ್ಲ ಆವತ್ತು.
ಅವ್ವ ಹೇಳಿದ್ದು, ಭಾಳ ವರ್ಷದ ಮ್ಯಾಲ.
ಆವತ್ತು ಅಂದದ್ದು ಇಷ್ಟ:
"ನಮಗ ಡೊಂಕಿನವೂ ಕೊಡಲಿಲ್ಲ ನೋಡ, ತಮ್ಮಾ."

ಆಮ್ಯಾಲ ಮೂರು ಬೀಡಿ ಆರಿಸಿ ಹೆಣಿಯಾಕ ನೋಡಿದಳು.
ಎಲಿ ಒಣಗಿತ್ತು. ಚಟ್ ಅಂದವು.
"ಛಾಟ್," ಅಂದಳು ಮುಕಾದಮನ ದನಿಯಾಗ,
ಮೂಗಿನಿಂದ. ಕಾಕಾ ನಕ್ಕು ನಕ್ಕು ಕೆಮ್ಮಿದ.

ಪೆಟ್ಟಿಗಿಯೊಳಗ ಆಕಿ ದಾರದ ಉಂಡಿ ಬಂತು,
ಕತ್ತರಿ, ಫರ್ಮಾ, ಮಜೂರಿ ಬರಿಯೋ ಪುಸ್ತಕ.
ಮುಚ್ಚೂಕಿಂತ ಮೊದಲು ಹೆಬ್ಬೆರಳು ತಗೊಂಡು
ರೊಬಸ್ಟೋ ಚಿತ್ರದ ಮಗ್ಗಲ ಇಟ್ಟಳು,
ಕಣ್ಣು ಸಣ್ಣ ಮಾಡಿ ಅಳದಳು.

"ಹನ್ನೆರಡು," ಅಂದಳು.
"ಎರಡು ಪೈಸಾ ಸವದಾವ."